ಕುಲಾವಿ ತೊಟ್ಟ ರಕ್ತದ ಚೀಲ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆನ್ನುತ್ತಾರೆ. ನಾನು ಯಾರಿಂದಲೂ ಹೊಲಿಸುತ್ತಿಲ್ಲ, ನಾನೇ ಹೊಲಿಯುತ್ತಿದ್ದೇನೆ. ಆದ್ದರಿಂದ ಗಾದೆಯ ಕಣ್ಣು ತಪ್ಪಿಸಿದ್ದೇನೆಂದು ಸದ್ಯಕ್ಕೆ ನನ್ನ ಸಮಾಧಾನ. ಮಡಿಲಲ್ಲಿ ಅಂಗೈಯಗಲದ ಕೆಂಪು ಮಖಮಲ್ಲು, ಒಳಗೆ ಹಾಕಲು ತೊಳೆದು ತೊಳೆದು ಬೆಣ್ಣೆಯಾದ ಹಳೆಯ ಧೋತರದ ತುಂಡು, ಅಂಚಿಗೆ ಹಚ್ಚಲು ನನ್ನ ಮದುವೆಯ ಸೀರೆಯಿಂದ ಬಿಡಿಸಿದ ಜರಿ. ಸೂಜಿ ಹಿಡಿದ ಅಭ್ಯಾಸ ನನಗೆ ಮೂವತ್ತು ವರ್ಷದ್ದು, ಆದರೆ ಅದು ಚುಚ್ಚುವ ಸೂಜಿಯೇ ಹೊರತು ಹೊಲಿಯುವ ಸೂಜಿಯಲ್ಲ. ಕಲಬುರಗಿಯಲ್ಲಿರುವ ಮಗಳಿಗೆ ಈಗ ಏಳು ತಿಂಗಳು. ಮೊನ್ನೆ ಫೋನಿನ ಪರದೆಗೆ ಈ ಕಲಾಕೃತಿಯನ್ನು ಹಿಡಿದು ತೋರಿಸಿದರೆ, ಇದು ಕುಲಾವಿಯೋ ಚಹಾ ಸೋಸುವ ಬಟ್ಟೆಯೋ ಎಂದು ಕೇಳಿದಳು.

ನಾನು ಬೀದರಿನ ಒಂದು ರಕ್ತನಿಧಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೊಟ್ಟವರ ರಕ್ತವನ್ನೂ ಬೇಕಾದವರ ರಕ್ತವನ್ನೂ ಗಾಜಿನ ನಳಿಕೆಯಲ್ಲಿ ಸೇರಿಸಿ, ಇವರಿಬ್ಬರಿಗೂ ಕೂಡಿಬರುತ್ತದೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಜಾತಕ ನೋಡುವ ಶಾಸ್ತ್ರಿಗಳಿಗೂ ನನಗೂ ಇರುವ ವ್ಯತ್ಯಾಸವಿಷ್ಟೇ: ಕೂಡಿಬರದ ಜೋಡಿಗೆ ಶಾಂತಿ ಮಾಡಿಸಿ ದಾಟಿಸುವ ಅನುಕೂಲ ನಮ್ಮಲ್ಲಿಲ್ಲ. ಪರೀಕ್ಷೆ ಮುಗಿಯುವ ಮುಂಚೆ ಬಾಯಿ ಬಿಡಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಅಂದರೆ ಕುಲಾವಿಯ ಗಾದೆಯನ್ನು ಹಗಲೆಲ್ಲ ಪಾಲಿಸಿ, ಮನೆಗೆ ಬಂದು ಮುರಿಯುತ್ತಿದ್ದೇನೆ. ಇದಕ್ಕೆ ಧೈರ್ಯ ಕೊಟ್ಟದ್ದೂ ಒಂದು ಕುಲಾವಿಯೇ. ಹೋದ ಚಳಿಗಾಲದಲ್ಲಿ ಅದು ನನ್ನ ಮೇಜಿನ ಮೇಲೆ ಬಂದು ಕೂತಿತ್ತು, ಆದರೆ ಯಾವ ಕೂಸಿನ ತಲೆಯ ಮೇಲೂ ಅಲ್ಲ.

ಆ ಸಂಗತಿಗೆ ಹೋಗುವ ಮೊದಲು ನಮ್ಮ ಕಡೆಯ ಬಾಣಂತನದ ಬಗ್ಗೆ ನಾಲ್ಕು ಮಾತು ಕೇಳಿಬಿಡಿ. ನನ್ನದು ನಡೆದದ್ದು ಬೀದರಿನ ಹತ್ತಿರದ ಬಗದಲ ಎಂಬ ಊರಿನ ತವರುಮನೆಯಲ್ಲಿ, ಅದೂ ರಣಬೇಸಿಗೆಯಲ್ಲಿ. ಊರಿನ ನಾಯಿಗಳು ಕೂಡ ನೆರಳು ಬಿಟ್ಟು ಕದಲದ ಆ ಬಿಸಿಲಲ್ಲಿ ನಾನೊಬ್ಬಳು ಒಳಕೋಣೆಯಲ್ಲಿ ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಮೈಮೇಲೆ ಕೌದಿ, ಮಂಚದ ಕೆಳಗೆ ಕೆಂಡದ ಶೆಗಡಿ, ಇಷ್ಟರ ನಡುವೆ ಬೇಯುತ್ತ ಮಲಗಿದ್ದೆ. ಕುಡಿಯಲು ಕೊಡುತ್ತಿದ್ದುದು ಓಂಕಾಳು ಹಾಕಿ ಕುದಿಸಿದ, ನಮ್ಮವರು ಅಜವಾನದ ನೀರೆನ್ನುವ ಬಿಸಿನೀರು. ಒಂದು ಲೋಟ ತಣ್ಣೀರು ಕೊಡವ್ವಾ ಎಂದು ಅತ್ತರೆ, ಅವ್ವ ನಾನು ಹೆಂಡ ಕೇಳಿದವಳಂತೆ ನನ್ನ ಮುಖ ನೋಡಿದಳು. ಬಾಣಂತಿಯ ಮೈಗೆ ಹೊಕ್ಕ ಥಂಡಿ ಎಲುಬಿನಲ್ಲೇ ಮನೆ ಮಾಡುತ್ತದೆ, ಮುಪ್ಪಿನಲ್ಲಿ ಬಾಡಿಗೆ ವಸೂಲು ಮಾಡುತ್ತದೆ ಎನ್ನುವುದು ಆಕೆಯ ಸಿದ್ಧಾಂತ. ತಮಾಷೆಯೆಂದರೆ, ಅದೇ ಅವ್ವ ಯಾರನ್ನಾದರೂ ಹರಸುವಾಗ ನಿನ್ನ ಹೊಟ್ಟಿ ತಣ್ಣಗಿರ್ಲಿ ಎನ್ನುತ್ತಿದ್ದಳು. ಕಣ್ಣು ತಂಪಾಗಬೇಕು, ಹೊಟ್ಟೆ ತಣ್ಣಗಿರಬೇಕು, ಮನೆ ಮಾತ್ರ ಬೆಚ್ಚಗಿರಬೇಕು. ಯಾವುದು ಎಲ್ಲಿ ತಣ್ಣಗಿರಬೇಕು, ಯಾವುದು ಎಲ್ಲಿ ಬೆಚ್ಚಗಿರಬೇಕು ಎಂಬ ಈ ಲೆಕ್ಕವನ್ನು ನಮ್ಮ ಹೆಂಗಸರು ಯಾವ ಸಾಲೆಯಲ್ಲೂ ಕಲಿಯದೆ ಬಾಳಿನುದ್ದಕ್ಕೂ ತಪ್ಪದೆ ನಡೆಸುತ್ತಾರೆ. ರಕ್ತದ ಚೀಲವೊಂದು ಆ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ.

ಸವಿತಾ ಎಂಬ ಹುಡುಗಿಯ ತವರು ಔರಾದ ತಾಲೂಕಿನ ಒಂದು ಹಳ್ಳಿ. ಗಂಡ ಅನಿಲ ನಮ್ಮ ಬೀದರಿನ ಅಂಚಿನ ಕೊಳಾರದಲ್ಲಿ ಒಂದು ಕಾರ್ಖಾನೆಗೆ ಹೋಗುವವನು. ಚೊಚ್ಚಲ ಹೆರಿಗೆಗೆಂದು ಬಂದ ಮಗಳನ್ನು ತಾಯಿ ಕಾಶಿಬಾಯಿ ಭಾಲ್ಕಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರು. ಸವಿತಾ ಹುಟ್ಟಿದ್ದೂ ಭಾಲ್ಕಿಯಲ್ಲೇ ಆದ್ದರಿಂದ ಆ ಊರಿನ ಕೈಗುಣದ ಮೇಲೆ ಅವರಿಗೆ ನಂಬಿಕೆ. ಹೆಣ್ಣುಕೂಸು ಸುಸೂತ್ರವಾಗಿ ಹುಟ್ಟಿತು, ಆದರೆ ತಾಯಿಗೆ ರಕ್ತ ಬಹಳ ಹೋಯಿತು. ಮರುದಿನ ಬೆಳಿಗ್ಗೆ ಅನಿಲ ಅವಳ ರಕ್ತದ ಮಾದರಿಯನ್ನೂ ಐಸ್ ಡಬ್ಬಿಯನ್ನೂ ಹಿಡಿದುಕೊಂಡು ನಮ್ಮಲ್ಲಿಗೆ ಬಂದ. ಹೊಂದಿಸಿ ನೋಡಿ ಚೀಲ ಕೊಟ್ಟವಳು ನಾನೇ. ಅಪ್ಪನಾದ ಖುಷಿಯಲ್ಲಿ ಅವನು ನನಗೂ ಕಾವಲುಗಾರನಿಗೂ ಪೇಢೆ ಹಂಚಿ ಹೋಗಿದ್ದ.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಭಾಲ್ಕಿಯಿಂದ ಫೋನು ಬಂತು. ಆ ವಾರ್ಡಿನ ನರ್ಸು ರೇಣುಕಾ ನನಗೆ ಹಳೆಯ ಪರಿಚಯದವಳು, ಸುಮ್ಮನೆ ಗಾಬರಿಯಾಗುವ ಹೆಣ್ಣಲ್ಲ.

“ಸುಮನಕ್ಕಾ, ರಕ್ತ ಹಚ್ಚಿ ಭಾಳ ಹೊತ್ತಾಗಿಲ್ಲ, ಹುಡುಗಿ ಗಡಗಡ ನಡಗಲಕತ್ತಾಳ. ಜ್ವರ ಏರ್ಯಾವ. ನಾ ಬಂದ್ ಮಾಡೀನಿ” ಎಂದಳು.

ರಕ್ತ ನಿಲ್ಲಿಸಿ, ಸಲೈನು ಹಚ್ಚಿ, ವೈದ್ಯರನ್ನು ಕರೆಸಿ, ಇನ್ನೊಂದು ತೋಳಿನಿಂದ ಹೊಸ ರಕ್ತ ತೆಗೆದು, ಉಳಿದ ಚೀಲವನ್ನು ಅದರ ಪ್ಲಾಸ್ಟಿಕ್ ನಳಿಕೆಯ ಸಮೇತ ಡಬ್ಬಿಗೆ ಹಾಕಿ ಅನಿಲನ ಕೈಯಲ್ಲಿ ಮತ್ತೆ ಬೀದರಿಗೆ ಕಳಿಸಿದ್ದಳು. ನಮ್ಮ ಮಂದಿ ಇದಕ್ಕೆ ಸರಳವಾಗಿ ‘ರಿಯಾಕ್ಷನ್’ ಎನ್ನುತ್ತಾರೆ. ಅದು ಬರಿಯ ಚಳಿಜ್ವರವಾಗಿದ್ದರೆ ಸಂಜೆಗೆ ಇಳಿಯುತ್ತದೆ. ಆದರೆ ಬೇರೆ ಗುಂಪಿನ ರಕ್ತ ಮೈಗೆ ಹೋಗಿದ್ದರೆ ರಕ್ತಕಣಗಳು ಒಳಗೇ ಒಡೆದು, ಮೂತ್ರಪಿಂಡ ಕೆಟ್ಟು, ಜೀವಕ್ಕೇ ಸಂಚಕಾರ. ಯಾವುದೆಂದು ನಾವು ಹೇಳುವ ತನಕ ಅವಳಿಗೆ ಮತ್ತೊಂದು ಹನಿ ರಕ್ತ ಏರಿಸುವಂತಿಲ್ಲ. ಏರಿಸದೆ ಬಹಳ ಹೊತ್ತು ಬಿಡುವಂತೆಯೂ ಇಲ್ಲ. ಆ ಚೀಲವನ್ನು ಹೊಂದಿಸಿದ ಕೈ ನನ್ನದು. ಬಿಚ್ಚಿದ ಬುತ್ತಿಯನ್ನು ಹಾಗೇ ಕಟ್ಟಿಟ್ಟೆ. ಬೆಳಿಗ್ಗೆ ಕೆಲಸದ ನಡುವೆ ಮಗಳ ಫೋನು ಬಂದಿತ್ತೇ, ಮಾತಾಡುತ್ತ ನಳಿಕೆ ಅದಲುಬದಲು ಮಾಡಿದೆನೇ ಎಂದು ಮನಸ್ಸು ತನ್ನನ್ನೇ ಕಟಕಟೆಗೆ ಎಳೆಯಿತು. ನಿಜವಾಗಿ ಆ ದಿನ ಅವಳ ಫೋನೇ ಬಂದಿರಲಿಲ್ಲ, ಆದರೆ ಹೆದರಿದ ಮನಸ್ಸಿಗೆ ಸಾಕ್ಷಿಗಳು ಬೇಕಾದಷ್ಟು ಸಿಗುತ್ತವೆ.

ಅನಿಲ ಬಂದ. ಬೆಳಿಗ್ಗೆ ಪೇಢೆ ಹಂಚಿದ ಮುಖ ಗುರುತು ಸಿಗದಂತೆ ಕಳೆಗುಂದಿತ್ತು. ಏನಾಗ್ಯಾದ್ರಿ ಎಂದು ಕೇಳಿದ. ನೋಡಿ ಹೇಳ್ತೇನಿ, ಕೂತ್ಕೊರಿ ಎಂದೆ. ನಮ್ಮ ವೈದ್ಯಾಧಿಕಾರಿ ಫಾತಿಮಾ ಮೇಡಂ ಪಕ್ಕಕ್ಕೆ ಬಂದು ನಿಂತರು. ಡಬ್ಬಿಯ ಮುಚ್ಚಳ ತೆಗೆದೆವು.

ಒಳಗೆ ರಕ್ತದ ಚೀಲ ಕುಲಾವಿ ತೊಟ್ಟು ಮಲಗಿತ್ತು. ಹಳೆಯ ಹಸಿರು ಬಟ್ಟೆಯದು, ಅಂಚಿಗೆ ಮಾಸಿದ ಗೋಟು, ಎರಡು ಲಾಡಿಗಳನ್ನು ಗದ್ದದ ಕೆಳಗೆ ಕಟ್ಟುವ ಹಾಗೆ ನಳಿಕೆಯ ಕೆಳಗೆ ಅಚ್ಚುಕಟ್ಟಾಗಿ ಗಂಟು ಹಾಕಿದ್ದರು. ಚೀಲವನ್ನು ಇದ್ದದ್ದಿದ್ದ ಹಾಗೇ ಕಳಿಸಬೇಕೆಂಬ ನಿಯಮವನ್ನು ರೇಣುಕಾ ಚಾಚೂ ತಪ್ಪದೆ ಪಾಲಿಸಿದ್ದಳು. ಅಂಥ ಹೊತ್ತಿನಲ್ಲೂ ನಮಗೆ ನಗು ಬಂತು. ಇಷ್ಟು ವರ್ಷದಲ್ಲಿ ನನ್ನ ಮೇಜಿಗೆ ಇಷ್ಟು ಮುದ್ದಾಗಿ ಸಿಂಗರಿಸಿಕೊಂಡು ಬಂದ ರೋಗಿಯ ಸಾಮಾನು ಇನ್ನೊಂದಿಲ್ಲ.

ನಗು ಬೇಗ ನಿಂತಿತು. ಚೀಲದ ಮೇಲಿನ ಹೆಸರು, ಗುಂಪು ಎಲ್ಲ ತಾಳೆಯಾದವು. ಬೆಳಗಿನ ಮಾದರಿಯನ್ನೂ ಈಗಿನ ಮಾದರಿಯನ್ನೂ ಯಂತ್ರದಲ್ಲಿ ತಿರುಗಿಸಿ, ಕಣಗಳು ತಳಕ್ಕಿಳಿದ ಮೇಲೆ ನಿಂತ ತಿಳಿಯನ್ನು ಬೆಳಕಿಗೆ ಹಿಡಿದೆ. ಬೆಳಗಿನದು ಹದವಾದ ನಿಂಬೆಹಳದಿ. ಈಗಿನದರಲ್ಲಿ ತೆಳುವಾಗಿ ಗುಲಾಬಿ ಛಾಯೆಯಿತ್ತು. ಬೇರೆಯವರಿಗಾದರೆ ಅದು ಚೆಂದದ ಬಣ್ಣವೆನಿಸಬಹುದು, ನನಗಲ್ಲ. ಸವಿತಾಳ ಮೈಯಲ್ಲಿ ಒಡೆದ ರಕ್ತಕಣದ ಬಣ್ಣವಿದೆ ಎಂದು ಅದರರ್ಥ. ಅವಸರದಿಂದ ಮುಂದಿನ ಪರೀಕ್ಷೆಯ ಸೀಸೆಗೆ ಕೈ ಹಾಕಿದೆ.

“ಜರಾ ತಡೀರಿ ಸುಮನಬಾಯಿ. ಅವಸರ ಮಾಡಿದ್ರ ಹನಿ ತಪ್ಪತದ” ಎಂದರು ಫಾತಿಮಾ ಮೇಡಂ, ನನ್ನ ಮುಖ ನೋಡದೆಯೇ.

ತಡೆದೆ. ಗುಂಪನ್ನು ಹೊಸದಾಗಿ ನೋಡಿದೆ: ಬೆಳಗಿನ ಸವಿತಾ, ಈಗಿನ ಸವಿತಾ, ಚೀಲ, ಮೂರೂ ಒಂದೇ. ರಕ್ತಕಣಗಳ ಮೈಗೆ ಹಗೆಯ ಪ್ರತಿಕಾಯಗಳೇನಾದರೂ ಅಂಟಿವೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ಮಾಡಿದೆ, ಏನೂ ಅಂಟಿರಲಿಲ್ಲ. ಎರಡೂ ಮಾದರಿಗಳ ಜೊತೆ ಚೀಲದ ರಕ್ತವನ್ನು ಮತ್ತೆ ಹೊಂದಿಸಿದೆ, ಹಳೆಯ ನೆಂಟರ ಹಾಗೆ ಒಂದಾದವು. ನಮ್ಮ ಕೆಲಸದಲ್ಲಿ ‘ಏನೂ ಇಲ್ಲ’ ಎನ್ನುವುದಕ್ಕಿಂತ ಸಿಹಿ ಮಾತಿಲ್ಲ. ಅಂದರೆ ಕೊಟ್ಟ ರಕ್ತ ತಪ್ಪಲ್ಲ, ಕೈಯೂ ತಪ್ಪಿಲ್ಲ. ದೇವರೇ ಎಂದು ಒಂದು ಉಸಿರು ಬಿಟ್ಟೆ. ಆದರೆ ಹೊಂದಿಕೆಯಾದ ರಕ್ತಕ್ಕೆ ಗುಲಾಬಿ ಬಣ್ಣ ಎಲ್ಲಿಂದ ಬಂತು? ಕಾರಣ ತಿಳಿಯದೆ ಇನ್ನೊಂದು ಚೀಲ ಕೊಡುವುದು ಹೇಗೆ?

ಚೀಲ ಕೊಡುವಾಗ ಅದರ ನಳಿಕೆಯ ಒಂದು ತುಂಡನ್ನು, ಒಳಗಿನ ರಕ್ತದ ಸಮೇತ ಕತ್ತರಿಸಿ ನಮ್ಮ ಫ್ರಿಜ್ಜಿನಲ್ಲಿ ಇಟ್ಟುಕೊಂಡಿರುತ್ತೇವೆ. ಆ ತುಂಡಿನದೂ ಚೀಲದ್ದೂ ತಿರುಗಿಸಿ ನೋಡೋಣ ಎಂದರು ಮೇಡಂ. ತುಂಡಿನ ತಿಳಿ ಹಳದಿಯಾಗಿ ನಿಂತಿತು; ಚೀಲದ ತಿಳಿ ದಾಸವಾಳ ಕುದಿಸಿದ ನೀರಿನಷ್ಟು ಕೆಂಪು. ಒಬ್ಬನೇ ದಾನಿ, ಒಂದೇ ರಕ್ತ. ಮನೆಯಲ್ಲಿ ಉಳಿದದ್ದು ಚೆನ್ನಾಗಿದೆ, ಊರಿಗೆ ಹೋದದ್ದು ಕೆಟ್ಟಿದೆ. ದಾರಿಯಲ್ಲೋ ವಾರ್ಡಿನಲ್ಲೋ ಏನೋ ಆಗಿದೆ. ಅನಿಲನನ್ನು ಕೇಳಿದರೆ, ಡಬ್ಬಿಯ ಮುಚ್ಚಳ ತೆಗೆದಿಲ್ಲ, ಚಹಾಕ್ಕೂ ಬೈಕು ನಿಲ್ಲಿಸಿಲ್ಲ ಎಂದು ಹೊಸ ಮಗಳ ಆಣೆ ಹಾಕಿದ.

ಆಗ ನಾನು ಕುಲಾವಿಯ ಲಾಡಿ ಬಿಚ್ಚಿದೆ. ಬಟ್ಟೆ ಹಸಿಯಾಗಿತ್ತು, ಐಸಿನ ತೇವವಿರಬೇಕೆಂದುಕೊಂಡು ಸರಿಸುವಾಗ ಮಾಸ್ಕಿನೊಳಗೂ ಒಂದು ವಾಸನೆ ನುಗ್ಗಿತು. ಬಗದಲಿನ ಒಳಕೋಣೆ, ಶೆಗಡಿ, ಕಿವಿಯ ಹತ್ತಿ, ಎಲ್ಲವೂ ಒಮ್ಮೆಲೇ ಎದುರಿಗೆ ಬಂದವು. ಅಜವಾನ! ರಕ್ತದ ಚೀಲದ ಮೈಯೆಲ್ಲ ಬಾಣಂತಿಯ ಬಿಸಿನೀರಿನ ವಾಸನೆ. ಮೇಡಂ, ಇದಕ್ಕ ಯಾರೋ ಬಿಸಿನೀರು ಎರದಾರ್ರಿ, ಎಂದೆ.

ರೇಣುಕಾಳಿಗೆ ಫೋನು ಮಾಡಿದೆವು. ಚೀಲ ಬಂದ ಮೇಲೆ ಹೆಸರು ತಾಳೆ ನೋಡಿ ಮಂಚದ ಪಕ್ಕದ ಟ್ರೇಯಲ್ಲಿಟ್ಟಿದ್ದಳಂತೆ, ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ತುರ್ತು ಕರೆ ಬಂದು ಓಡಿದ್ದಳು. ಬಂದು ನೋಡಿದರೆ ಚೀಲಕ್ಕೆ ಕುಲಾವಿ, ಅಜ್ಜಿಯ ಅಕ್ಕರೆ ಇರಲಿ ಎಂದು ನಕ್ಕು ಹಾಗೇ ತೂಗುಹಾಕಿದ್ದಳು. ಕಾಶಿಬಾಯಿಯವರನ್ನೇ ಕೇಳು ಎಂದೆ. ಅವರು ಫೋನಿನ ಹತ್ತಿರ ಬಂದು, ಅಡಗಿಸುವ ಮಾತು ಹಾಗಿರಲಿ, ಹೆಮ್ಮೆಯಿಂದಲೇ ಹೇಳಿದರು:

“ಹೂಂ ರೀ, ನಾನೇ ಬಿಸಿ ಮಾಡೀನಿ. ಮುಟ್ಟಿದ್ರ ಬರಫ ಇದ್ದಂಗಿತ್ತು. ಬಾಣಂತಿ ಮೈಯಾಗ ಯಾರರ ಬರಫ ಬಿಡ್ತಾರೇನ್ರಿ?”

ಕುಡಿಯಲೆಂದು ಕಾಸಿ ತಂದಿದ್ದ ಅಜವಾನದ ನೀರನ್ನು ಬೋಗಾಣಿಗೆ ಸುರಿದು, ಹಬೆಯಾಡುತ್ತಿದ್ದ ಅದರೊಳಗೆ ಚೀಲವನ್ನು ಮುಳುಗಿಸಿ, ಕೂಸಿಗೆ ಎರೆದು ಒರೆಸುವಂತೆ ಒರೆಸಿ, ಬಿಸಿ ಆರದಿರಲೆಂದು ಕುಲಾವಿ ತೊಡಿಸಿದ್ದರು; ಬಟ್ಟೆಯ ಮೇಲಿಂದ ಹಿಡಿದ ರೇಣುಕಾಳಿಗೆ ಒಳಗಿನ ಬಿಸಿ ತಿಳಿದಿರಲಿಲ್ಲ. ಅಷ್ಟು ಬಿಸಿಗೆ ರಕ್ತಕಣಗಳು ಒಡೆದು ಹೋಗುತ್ತವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ; ಅನಿಲನಿಗೆ ಬಿಸಿಲಿಗೆ ಇಡಬ್ಯಾಡ್ರಿ ಅಂದಿದ್ದೆ, ಅತ್ತೆಯ ಕೈಗೆ ಕೊಡಬ್ಯಾಡ್ರಿ ಅಂದಿರಲಿಲ್ಲ.

ಸವಿತಾಳ ಮೈಗೆ ಹೋದದ್ದು ಸ್ವಲ್ಪವೇ. ಸಲೈನು ಹರಿಯುತ್ತಿತ್ತು, ಜ್ವರ ಇಳಿಯುತ್ತಿತ್ತು, ಮೂತ್ರ ಚೆನ್ನಾಗಿ ಆಗುತ್ತಿದೆ ಎಂದು ಅಲ್ಲಿನ ವೈದ್ಯರು ತಿಳಿಸಿದರು. ಹೊಸ ಚೀಲ ಏರಿಸಲು ಇನ್ನು ಅಡ್ಡಿಯಿಲ್ಲ ಎಂದು ಎರಡೂ ಕಡೆ ಮಾತಾಯಿತು. ನಾನು ಹೊಸದನ್ನು ಹೊಂದಿಸುತ್ತಿರುವಾಗ ಫಾತಿಮಾ ಮೇಡಂ, ಈ ಸಲ ಚೀಲದ ಜೊತೆ ನೀವೂ ಹೋಗಿಬರ್ರಿ ಎಂದರು. ಅವರ ಮನಸ್ಸಿನಲ್ಲಿ ಇದ್ದದ್ದು ಚೀಲದ ಕಾವಲಲ್ಲ. ಕಾಶಿಬಾಯಿಗೆ ಯಾರೋ ಒಬ್ಬರು ಹೇಳಲೇಬೇಕು. ಮುಚ್ಚಿಟ್ಟರೆ ಊರಿಗೆ ಹೋಗಿ ಹತ್ತು ಮನೆಗೆ ಇದೇ ಉಪಾಯ ಹೇಳಿಕೊಡುತ್ತಾರೆ, ಗದರಿಸಿ ಹೇಳಿದರೆ ಜನ್ಮವಿಡೀ ಕೊರಗುತ್ತಾರೆ.

ಬೈಕಿನಲ್ಲಿ ಅನಿಲನ ಹಿಂದೆ ಡಬ್ಬಿ ತಬ್ಬಿಕೊಂಡು ಭಾಲ್ಕಿಯ ದಾರಿಯುದ್ದಕ್ಕೂ ಮೆತ್ತನೆಯ ಮಾತುಗಳನ್ನು ಜೋಡಿಸಿಕೊಂಡೆ. ಇಕ್ಕೆಲದ ತೊಗರಿ ಹೊಲಗಳ ಗಾಳಿ ಕಿವಿಗೆ ಹೊಕ್ಕು, ನಾನೇ ಸೆರಗನ್ನು ತಲೆಗೆ ಬಿಗಿದುಕೊಂಡೆ. ವಾರ್ಡಿನ ಬಾಗಿಲಲ್ಲಿ ಕಾಶಿಬಾಯಿ ನಿಂತಿದ್ದರು. ಗಟ್ಟಿಮುಟ್ಟಾದ ಹೆಂಗಸು, ಹಣೆಯ ಮೇಲೆ ಕಾಸಗಲ ಕುಂಕುಮ. ಇಷ್ಟು ದೂರದಿಂದ ಫೋನು ಮಾಡಿ ಚೀಲದ ಬಿಸಿಯನ್ನು ಯಾಕೆ ಕೇಳಿದರೆಂದು ಅವರು ಅಷ್ಟರಲ್ಲಿ ತಾವೇ ಯೋಚಿಸಿ ಮುಗಿಸಿದ್ದರು.

“ನನ್ನ ಕೈಲೇ ಆತೇನ್ರಿ?”

ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋದವೋ. “ಹೌದ್ರೆವ್ವಾ” ಎಂದೆ. “ಖರೆ, ಸವಿತಾಗ ಏನೂ ಆಗಂಗಿಲ್ಲ. ಆರಾಮ ಆಗ್ತಾಳ.”

ಅವರು ಅಳಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಗೋಡೆಗೆ ಒರಗಿ ನಿಂತರು. ರಕ್ತಕ್ಕೆ ಥಂಡಿಯಲ್ಲೇ ಜೀವ, ಹನಿಹನಿಯಾಗಿ ಇಳಿಯುವಷ್ಟರಲ್ಲಿ ಮೈಯೇ ಅದನ್ನು ಬೆಚ್ಚಗೆ ಮಾಡಿಕೊಳ್ಳುತ್ತದೆ ಎಂದೆಲ್ಲ ವಿವರಿಸಿದೆ, ಕೇಳಿಸಿತೋ ಇಲ್ಲವೋ. ರೇಣುಕಾ ಹೊಸ ಚೀಲವನ್ನು, ಈ ಸಲ ಬರಿತಲೆಯಲ್ಲೇ, ತೂಗುಹಾಕಿದಳು. ನಾವೆಲ್ಲ ಸವಿತಾಳ ಮುಖ ನೋಡುತ್ತ ನಿಂತೆವು. ಹನಿ ಇಳಿಯತೊಡಗಿತು. ಆಗ ಅವಳು ಕಣ್ಣು ತೆರೆದು, ಅವ್ವಾ, ಕಾಲು ಥಂಡಿ ಆಗ್ಯಾವ, ಎಂದಳು.

ಕಾಶಿಬಾಯಿ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟರು. ಮಗಳನ್ನು ನೋಡಿದರು, ಚೀಲವನ್ನು ನೋಡಿದರು, ಆಮೇಲೆ ನನ್ನನ್ನು.

“ನಾ ಮುಟ್ಟಿದ್ರ ನಡಿತದೇನ್ರಿ?”

ಇಷ್ಟು ವರ್ಷ ಈ ಕೆಲಸ ಮಾಡಿ, ಒಬ್ಬ ತಾಯಿ ತನ್ನ ಹೆತ್ತ ಮಗಳ ಕಾಲು ಮುಟ್ಟಲು ನನ್ನ ಅಪ್ಪಣೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಸೆರಗಿನಿಂದ ಆ ಎರಡೂ ಕೈಗಳನ್ನು ಬಿಡಿಸಿದೆ. ರೊಟ್ಟಿ ಬಡಿದು ಒರಟಾದ, ಕೆಂಡದಷ್ಟು ಬೆಚ್ಚಗಿನ ಕೈಗಳು. ಕೌದಿಯ ಕೆಳಗೆ ಸವಿತಾಳ ಪಾದಗಳ ಮೇಲೆ ಅವನ್ನಿಟ್ಟು, ಬಿಸಿ ಇಲ್ಲಿ ಕೊಡ್ರಿ, ಎಷ್ಟ್ ಬೇಕಾದ್ರೂ ಕೊಡ್ರಿ, ಎಂದೆ. ಚೀಲ ಖಾಲಿಯಾಗುವ ತನಕ ಅವರು ಅಲ್ಲಿಂದ ಕದಲಲಿಲ್ಲ. ಕೂಸು ಅತ್ತಾಗಲೂ ಎತ್ತಿಕೊಂಡವನು ಅನಿಲನೇ. ಸವಿತಾ ನಡುಗಲಿಲ್ಲ, ಗೊರಕೆ ಹೊಡೆದಳು.

ಹೊರಡುವಾಗ ತೊಳೆದು ತಂದಿದ್ದ ಹಸಿರು ಕುಲಾವಿಯನ್ನು ಕೊಟ್ಟೆ. ಅದು ಸವಿತಾ ಕೂಸಾಗಿದ್ದಾಗ ತೊಟ್ಟದ್ದಂತೆ. ನನ್ನ ಮಗಳೂ ಬಸುರಿ ಎಂದು ಮಾತಿಗೆ ಮಾತು ಬಂದಾಗ ಕಾಶಿಬಾಯಿಯ ಮುಖದಲ್ಲಿ ಆ ದಿನದ ಮೊದಲ ನಗು ಕಂಡಿತು. ಈಗಲೇ ಹೊಲಿದಿಡಿ, ಆಮೇಲೆ ಪುರಸೊತ್ತು ಸಿಗುವುದಿಲ್ಲ ಎಂದರು. ಗಾದೆಯನ್ನು ನೆನಪಿಸಿದೆ. ಅದಕ್ಕೊಂದು ಉಪಾಯ ಅವರಲ್ಲಿತ್ತು: ಕುಲಾವಿ ಪೂರಾ ಹೊಲಿಯಬೇಕು, ಲಾಡಿ ಮಾತ್ರ ಹಚ್ಚಬಾರದು. ಲಾಡಿಯಿಲ್ಲದ್ದು ಬರೇ ಅರಿವೆ, ಕುಲಾವಿಯಲ್ಲ. ಕೂಸು ಹುಟ್ಟಿದ ದಿನ ಲಾಡಿ ಹಚ್ಚಿದರಾಯಿತು. ನಿಮ್ಮ ಹೊಟ್ಟಿ ತಣ್ಣಗಿರ್ಲಿರಿ ಎಂದು ಹರಸಿ, ಹೊರಗ ಗಾಳಿ ಅದ, ಕಿವಿ ಕಟ್ಕೊರಿ ಎಂದು ಗದರಿಸಿ ಕಳಿಸಿಕೊಟ್ಟರು.

ಮೊನ್ನೆ ಅನಿಲ ರಕ್ತ ಕೊಡಲು ಬಂದಿದ್ದ. ಕೂಸು ಬೋರಲು ಬಿದ್ದು ಮನೆಯೆಲ್ಲ ಒರೆಸುತ್ತಿದೆಯಂತೆ. ಔರಾದ ಕಡೆ ಪರಿಚಯದ ಯಾವ ಬಾಣಂತಿಗೆ ರಕ್ತ ಏರಿಸುತ್ತಾರೆಂದು ಕಿವಿಗೆ ಬಿದ್ದರೂ ಅತ್ತೆ ಬಸ್ಸು ಹತ್ತಿ ಹೋಗಿ ಚೀಲದ ಪಕ್ಕ ಕೂರುತ್ತಾರೆ, ಯಾರಾದರೂ ಅದನ್ನು ಸುಮ್ಮನೆ ಸವರಿದರೂ ಕೈಮೇಲೆ ಏಟು ಬೀಳುತ್ತದೆ ಎಂದು ಹೇಳಿ ನಗಿಸಿದ. ನಾನೂ ಈಗ ಚೀಲ ಕೊಡುವಾಗ, ರೋಗಿಯ ಹತ್ತಿರ ಮನಿ ಹಿರೇರು ಯಾರದಾರ್ರಿ ಎಂದು ಕೇಳಿ, ಅವರಿಗೇ ಫೋನಿನಲ್ಲಿ ಎರಡು ಮಾತು ಹೇಳಿಯೇ ಡಬ್ಬಿ ಮುಚ್ಚುತ್ತೇನೆ.

ಮಡಿಲಿನ ಕೆಂಪು ಕುಲಾವಿ ಈ ಹೊತ್ತಿಗೆ ಮುಗಿಯುತ್ತ ಬಂದಿದೆ. ಒಂದು ಕಿವಿ ದೊಡ್ಡದು, ಒಂದು ಸಣ್ಣದು, ಮೊಮ್ಮಗು ಹೊಂದಿಸಿಕೊಳ್ಳಬೇಕು. ಲಾಡಿಗಳೆರಡನ್ನೂ ಸುರುಳಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ಕಲಬುರಗಿಗೆ ಹೋದ ದಿನ ಬೇಕಾಗುತ್ತವೆ. ಒಂದು ಮಾತು ನಿಮಗೆ ಮಾತ್ರ ಹೇಳುತ್ತೇನೆ. ಹಾಗಾಗದಿರಲಿ, ಆದರೆ ಆ ದಿನ ನನ್ನ ಮಗಳಿಗೇನಾದರೂ ರಕ್ತ ಏರಿಸಬೇಕಾಗಿ ಬಂದರೆ, ಎಲ್ಲವನ್ನೂ ಬಲ್ಲ ನನಗೂ ಆ ತಣ್ಣನೆಯ ಚೀಲ ಮುಟ್ಟಿದೊಡನೆ ಒಂದು ಸಲ ಬಿಸಿನೀರಿನ ನೆನಪು ಬಂದೇ ಬರುತ್ತದೆ. ಆಗ ನಾನು ಚೀಲದ ಕಡೆ ನೋಡುವುದಿಲ್ಲ. ಕೌದಿಯ ಕೆಳಗೆ ಕೈಯಿಟ್ಟು ಮಗಳ ಪಾದ ಹಿಡಿದುಕೊಂಡು ಕೂತಿರುತ್ತೇನೆ.